ಕುದಿನೀರಿಗೆ ಇಳಿದ ಕೊಳವೆ

"ಇದನ್ನ ಇನ್ನೂ ಎಷ್ಟು ದಿನ ಅಂತ ತೊಟ್ಟಿಲಲ್ಲಿ ಇಟ್ಟು ತೂಗ್ತೀಯಾ, ತಾಯಿ?" ಎಂದು ಪಕ್ಕದ ಮೇಜಿನ ಗೆಳತಿ ಕೇಳಿದಳು.

ಕೇಳಿಸಿಕೊಂಡವಳು ಮಂಜುಗಡ್ಡೆ ತುಂಬಿದ ಡಬ್ಬಿಯ ಮುಚ್ಚಳ ತೆರೆದು ನೋಡಿ ಮತ್ತೆ ಮುಚ್ಚಿದಳು. ಒಳಗಿನ ಕಿರುಬೆರಳುದ್ದದ ಕೊಳವೆಯಲ್ಲಿ ಒಂದಿಷ್ಟು ಮಸುಕು ರಸ. ಪ್ರಯೋಗಾಲಯದಲ್ಲಿ ಅವಳಿಗೆ ಹಿಮದಮ್ಮ ಎಂದೇ ಹೆಸರು. ಯಾವುದನ್ನೂ ಮಂಜುಗಡ್ಡೆಯಿಂದ ಆಚೆ ಇಡುವವಳಲ್ಲ. ಒಮ್ಮೆ ಮೈಮರೆತು ತನ್ನ ಊಟದ ಡಬ್ಬಿಯನ್ನೂ ಅದರಲ್ಲೇ ಹೂತಿಟ್ಟು ನಗೆಪಾಟಲಾಗಿದ್ದಳು.

ರಸದಲ್ಲಿದ್ದದ್ದು ಒಂದು ಪ್ರೋಟೀನು. ಬೆರಳಿಟ್ಟರೆ ಬೊಬ್ಬೆ ಏಳುವಂಥ ಬಿಸಿನೀರಿನ ಬುಗ್ಗೆಯಲ್ಲಿ ಹಾಯಾಗಿ ಬದುಕುವ, ಕಣ್ಣಿಗೆ ಕಾಣದ ಜೀವಿಯೊಂದರ ಪ್ರೋಟೀನು. ಅದನ್ನು ತಯಾರಿಸುವ ವಿದ್ಯೆಯನ್ನು ಸಾಧಾರಣ ಬ್ಯಾಕ್ಟೀರಿಯಾಕ್ಕೆ ಕಲಿಸಿ, ಆ ಬ್ಯಾಕ್ಟೀರಿಯಾವನ್ನು ಒಡೆದು ಅವಳು ಈ ರಸ ತೆಗೆದಿದ್ದಳು. ಅದರ ಜೊತೆಗೆ ಬೇಡದ ನೂರಾರು ಪ್ರೋಟೀನುಗಳೂ ಸಂತೆ ಸೇರಿದ ಹಾಗೆ ಸೇರಿಕೊಂಡಿದ್ದವು. ಕೆಲಸ ಮಾಡಿದರೆ ಪರೀಕ್ಷೆಯ ದ್ರವ ಹಳದಿಯಾಗಬೇಕು; ಉಗುರುಬೆಚ್ಚಗಿನ ನೀರಿನಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಬುಗ್ಗೆಯ ಪ್ರೋಟೀನು ಮಿಸುಕಿರಲಿಲ್ಲ. ಸಂಜೆಯೊಳಗೆ ಜೀವದ ಲಕ್ಷಣ ತೋರದಿದ್ದರೆ ಈ ಕೆಲಸಕ್ಕೆ ಮಂಗಳ ಹಾಡಿಬಿಡೋಣ ಎಂದು ಪ್ರಯೋಗಾಲಯದ ಮೇಷ್ಟ್ರು ಹೇಳಿಯಾಗಿತ್ತು. ಪರೀಕ್ಷೆಗಳೆಲ್ಲ ಮುಗಿದು ಉಳಿದದ್ದು ಇದೊಂದೇ ಕೊಳವೆ.

"ಕುದಿಯೋ ನೀರಿಗೆ ಇಳಿಸು," ಎಂದಳು ಗೆಳತಿ. "ಬೇಡದ್ದೆಲ್ಲ ಬೆಂದು ಹೆಪ್ಪಾಗುತ್ತೆ. ನಿನ್ನದು ನಿಜವಾಗ್ಲೂ ಬುಗ್ಗೆಯ ಮಗಳಾಗಿದ್ರೆ ನಿಲ್ಲುತ್ತೆ."

"ನಿಲ್ಲದಿದ್ರೆ?"

"ಬೇಯಿಸಿದ ಮೊಟ್ಟೆ ಆಗುತ್ತೆ. ಉಪ್ಪು ಹಾಕ್ಕೊಂಡು ತಿಂದುಬಿಡು."

ಅಷ್ಟರಲ್ಲಿ ಅಪ್ಪನ ಫೋನು ಬಂತು. ಬೀದಿ ತುದಿಯ ಬೇಕರಿಯಲ್ಲಿ, ಒಲೆಯ ಬಾಯೆದುರು ಆಯುಸ್ಸು ಸವೆಸಿದವನು ಅಪ್ಪ. ಒಮ್ಮೆ ಜ್ವರ ಹಿಡಿದು ಮಲಗಿ ಎದ್ದ ಮೇಲೆ ಮಗಳು ಅವನನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದಿಸಿ ಕೂರಿಸಿದ್ದಳು. ಇನ್ನು ಓಡಾಡಬಹುದು, ಕೆಲಸವನ್ನೂ ಮಾಡಬಹುದು ಎಂದು ಡಾಕ್ಟರು ಹೇಳಿ ಎಷ್ಟೋ ದಿನವಾಗಿತ್ತು. ಮಗಳು ಮಾತ್ರ ಅದನ್ನು ಅಪ್ಪನಿಗೆ ಹೇಳಿರಲಿಲ್ಲ.

"ಬೇಕರಿಯವನು ಬಂದು ಕೂತಿದ್ದಾನೆ ಕಣಮ್ಮ. ಒಲೆ ನೋಡ್ಕೊಳ್ಳೋನು ಕೈಕೊಟ್ಟನಂತೆ. ಹಿಟ್ಟೆಲ್ಲ ಕಲಸಿ ಇಟ್ಟುಬಿಟ್ಟಿದ್ದಾನೆ. ಇವತ್ತೊಂದು ದಿನ ಹೋಗಿ ಬರ್ತೀನಿ."

"ಬೇಡಪ್ಪಾ. ಆ ಕಾವು ನಿನಗೆ ಆಗಿಬರಲ್ಲ."

"ಕಾವಾ? ನನಗೆ ಆಗಿಬರದೆ ಇರೋದು ಈ ಕಂಬಳಿ ಕಣೇ! ಕೂತೂ ಕೂತೂ ಮಂಡಿಗೆ ತುಕ್ಕು ಹಿಡೀತು. ನಿನ್ನೆ ಎದ್ರೆ ಹಳೇ ಬಾಗಿಲಿನ ಹಾಗೆ ಕಿರ್ರ್ ಅಂತು."

"ಅದು ಕುರ್ಚಿ ಇರಬೇಕು."

"ಕುರ್ಚಿಗೇನು ಧಾಡಿ? ನನ್ನ ಅರ್ಧ ವಯಸ್ಸಾಗಿಲ್ಲ ಅದಕ್ಕೆ!"

"ಸ್ವಲ್ಪ ತಡಿ ಅಪ್ಪ, ಆಮೇಲೆ ಹೇಳ್ತೀನಿ," ಎಂದು ಫೋನು ಇಟ್ಟಳು.

ಅವಳಿಗೆ ತಿಳಿಯದ್ದು ಏನೂ ಇರಲಿಲ್ಲ. ಪ್ರೋಟೀನೆಂದರೆ ಮಡಿಚಿಕೊಂಡು ಕೂತ ಒಂದು ಉದ್ದನೆಯ ಎಳೆ. ಕಾವು ಹತ್ತಿದರೆ ಮಡಿಕೆ ಬಿಚ್ಚಿ ಎಳೆಗೆ ಎಳೆ ಸಿಕ್ಕುಬೀಳುತ್ತದೆ. ಬುಗ್ಗೆಯಲ್ಲಿ ಹುಟ್ಟಿದ್ದರಲ್ಲಿ ಮಡಿಕೆ ಮಡಿಕೆಯೂ ಇನ್ನೊಂದರ ಕೈ ಹಿಡಿದು, ನಡುವೆ ಗಾಳಿಗೂ ಜಾಗವಿಲ್ಲದಂತೆ ಒತ್ತಿ ಕೂತಿರುತ್ತದೆ. ಒಂದೊಂದು ಹಿಡಿತವೂ ಸಣ್ಣದೇ, ಆದರೆ ಲೆಕ್ಕವಿಲ್ಲದಷ್ಟು. ಆ ಬಿಗಿಯಿಂದಲೇ ತಣ್ಣಗಿದ್ದಾಗ ಅದು ಮರಗಟ್ಟಿರುತ್ತದೆ. ಕೈಕಾಲು ಆಡಬೇಕಾದರೆ ಅದರ ಕಾವು ಅದಕ್ಕೆ ಬೇಕು. ಇದನ್ನೆಲ್ಲ ಬೇರೆಯವರಿಗೆ ಚಿತ್ರ ಬರೆದು ವಿವರಿಸಿದವಳೇ ಅವಳು. ಆದರೆ ಇರುವ ಒಂದನ್ನು ಕೈಯಾರೆ ಕುದಿಗೆ ನೂಕುವುದಕ್ಕೆ ಎದೆ ಒಪ್ಪಬೇಕಲ್ಲ.

ಮಂಜುಗಡ್ಡೆಯಲ್ಲಿ ಅದ್ದಿ ಅದ್ದಿ ಸೆಡೆತ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. ಕೊಳವೆಯನ್ನು ಚಿಮಟದಲ್ಲಿ ಹಿಡಿದಳು. ತುಟಿ ಮೆಲ್ಲಗೆ ಯಾವುದೋ ಸ್ತೋತ್ರ ಗುನುಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಕುದಿನೀರಿಗೆ ಇಳಿಸಿಯೇಬಿಟ್ಟಳು.

ಕಣ್ಣು ತೆರೆದಾಗ ರಸವೆಲ್ಲ ಹಾಲಿನಂತೆ ಬೆಳ್ಳಗಾಗಿತ್ತು.

"ಮೊಟ್ಟೆ," ಎಂದಳು.

"ಅವಸರ ಪಡಬೇಡ, ಸ್ವಲ್ಪ ಇರು," ಎಂದು ಗೆಳತಿ ಕೊಳವೆಯನ್ನು ತೆಗೆದು, ಗಿರಗಿರನೆ ತಿರುಗಿಸುವ ಯಂತ್ರದೊಳಗೆ ಇಟ್ಟಳು.

ಯಂತ್ರ ನಿಂತಾಗ ಕೊಳವೆಯ ತಳದಲ್ಲಿ ಬಿಳಿಯ ಗಸಿ ಕೂತಿತ್ತು. ಮೇಲೆ ನಿಚ್ಚಳವಾದ ತಿಳಿ. ಹಿಮದಮ್ಮ ಆ ತಿಳಿಯ ಒಂದು ಹನಿಯನ್ನು ಪರೀಕ್ಷೆಯ ದ್ರವಕ್ಕೆ ಬಿಟ್ಟು, ಈ ಸಲ ಉಗುರುಬೆಚ್ಚಗಲ್ಲ, ಸುಡುಸುಡು ನೀರಿನಲ್ಲಿಟ್ಟಳು. ನೋಡುತ್ತಿದ್ದಂತೆಯೇ ಬಣ್ಣವಿಲ್ಲದ ದ್ರವದಲ್ಲಿ ಹಳದಿ ಎದ್ದಿತು; ಎಳೆಬಿಸಿಲಿನ ಹಾಗೆ ಮೊದಲು, ಆಮೇಲೆ ಗಾಢವಾಗಿ.

"ಮೇಷ್ಟ್ರೇ! ಬನ್ನಿ ಇಲ್ಲಿ! ಹಿಮದಮ್ಮ ಒಲೆ ಹಚ್ಚಿದಳು!" ಗೆಳತಿಯ ಕೂಗಿಗೆ ಇಡೀ ಮಹಡಿಯೇ ತಿರುಗಿ ನೋಡಿತು.

ಅವಳು ಆಗಲೇ ಮನೆಗೆ ಫೋನು ಹಚ್ಚಿದ್ದಳು. ಹೋಗಿ ಬಾ ಅಪ್ಪಾ ಎನ್ನಬೇಕು. ಡಾಕ್ಟರ ಮಾತನ್ನೂ ಹೇಳಿಬಿಡಬೇಕು. ಗಂಟೆ ಹೊಡೆದೇ ಹೊಡೆಯಿತು. ಎತ್ತುವವರಿಲ್ಲ.

ಸಂಜೆ ಬೇಕರಿಯ ಹಿಂಬಾಗಿಲು ತೆರೆದೇ ಇತ್ತು. ಅಪ್ಪ ಅಂಗಿಯ ತೋಳು ಮಡಿಚಿ, ಉದ್ದನೆಯ ಮರದ ಸಲಿಕೆಯಿಂದ ಒಲೆಯೊಳಗಿನ ಬ್ರೆಡ್ಡುಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಿದ್ದ. ಮುಖ ಕೆಂಪು, ಹಣೆಯಲ್ಲಿ ಬೆವರು. ಮಂಡಿ ಎಲ್ಲೂ ಕಿರ್ರೆನ್ನಲಿಲ್ಲ.

"ಬೈಯೋದಾದ್ರೆ ಇದೆಲ್ಲ ಆಚೆ ಬಂದ ಮೇಲೆ ಬೈ," ಎಂದ, ತಿರುಗದೆಯೇ.

"ಡಾಕ್ಟರು ಯಾವತ್ತೋ ಹೇಳಿದ್ರು ಅಪ್ಪಾ, ನೀನು ಕೆಲಸ ಮಾಡಬಹುದು ಅಂತ."

"ಗೊತ್ತು, ಬೇಕರಿಯವನು ಹೇಳಿದ. ಅವರು ದಿನಾ ಇಲ್ಲೇ ಬ್ರೆಡ್ಡು ತಗೊಳ್ಳೋದು."

ಅವಳಿಗೆ ನಗು ತಡೆಯಲಾಗಲಿಲ್ಲ. "ಕಂಬಳಿ ಎಲ್ಲಿ?"

ಅಪ್ಪ ಗಲ್ಲದಿಂದಲೇ ಮೂಲೆ ತೋರಿಸಿದ. ಅಲ್ಲಿ, ಒಲೆಯ ಗೋಡೆಗೆ ಒರಗಿಸಿಟ್ಟ ದೊಡ್ಡ ಪಾತ್ರೆಯಲ್ಲಿ ಮುಂದಿನ ಸರದಿಗೆ ಉಬ್ಬಲು ಬಿಟ್ಟ ಹಿಟ್ಟು, ಅದರ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ನಾಲ್ಕು ಮಡಿಕೆಯ ಕಂಬಳಿ. ಅವಳು ಹತ್ತಿರ ಹೋಗಿ ಅಂಗೈ ಇಟ್ಟಳು. ಕೆಳಗಿನಿಂದ ಬೆಚ್ಚಗೆ, ಮೆಲ್ಲಮೆಲ್ಲಗೆ, ಕಂಬಳಿ ಮೇಲೇಳುತ್ತಿತ್ತು.