ಒಂಬತ್ತನೆಯ ರಾಡು

ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವೆ ನಿಂತು ಏಟು ತಿನ್ನುವ ಕನೆಕ್ಟಿಂಗ್ ರಾಡನ್ನು ನನ್ನ ಅಕ್ಕನಷ್ಟು ಚೆನ್ನಾಗಿ ಮಾಡುವವರನ್ನು ನಾನು ಕಂಡಿಲ್ಲ. ಕಾಲು ಮೈಲಿಯ ನೇರ ಕಾರು ಓಟವನ್ನು ಒಂಬತ್ತು ಸೆಕೆಂಡಿನೊಳಗೆ ಮೊದಲು ಮುಗಿಸಿದವಳೂ ಅವಳೇ. ಹನ್ನೊಂದು ವರ್ಷವಾದರೂ ಆ ದಾಖಲೆಯನ್ನು ಯಾರೂ ಮುರಿದಿರಲಿಲ್ಲ.

ಎಂಟು ರಾಡು ಬೇಕೆಂದರೆ ಅಕ್ಕ ಒಂದೇ ಉಕ್ಕಿನಿಂದ ಒಂಬತ್ತು ಮಾಡುತ್ತಾಳೆ. ಒಂಬತ್ತನೆಯದನ್ನು ಒತ್ತುವ ಪ್ರೆಸ್ಸಿಗೆ ಕೊಟ್ಟು ಮುರಿದು, ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದ ಮೇಲೆಯೇ ಉಳಿದವು ಹೊರಗೆ ಹೋಗಬೇಕು. ನಾವು ಮೀಸೆ ಎಂದು ಕರೆಯುವ ಓಟಗಾರ ಈ ಸಲ ತನ್ನ ರಾಡು ಬೇಗ ಕೊಡು ಎಂದು ವಾರವಿಡೀ ನನ್ನ ತಲೆ ತಿಂದ. ಅಕ್ಕ ಊಟಕ್ಕೆ ಹೋಗಿದ್ದಾಗ, ಪೀಡೆ ತೊಲಗಲಿ ಎಂದು ಎಂಟನ್ನೂ ಕೊಟ್ಟು ಕಳಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ. ಆ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಓಟದ ಹಿಂದಿನ ದಿನ ಬೆಳಗ್ಗೆ ಅಕ್ಕ ಒಂಬತ್ತನೆಯದನ್ನು ಮುರಿದಳು. ಉಕ್ಕಿನೊಳಗೆ ಸಾಸಿವೆಯಷ್ಟು ಕಪ್ಪು ಚುಕ್ಕಿ. ಓಡುವಾಗ ಅಂಥ ರಾಡು ಮುರಿದರೆ ಎಂಜಿನ್ ಸಿಡಿದು ಕಾರು ಮಗುಚುತ್ತದೆ.

“ಉಳಿದವು ಎಲ್ಲೋ?”

“ಮೀಸೆ ಕಾರಲ್ಲಿ.”

ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ನೇರ ಮೀಸೆಯ ಶೆಡ್ಡಿಗೆ ಹೋಗಿ, ಅವನ ಮೆಕ್ಯಾನಿಕ್‌ಗಳ ಎದುರಿಗೇ, “ನಾನು ಮಾಡಿದ ರಾಡು ಕೆಟ್ಟಿವೆ. ಈ ಎಂಜಿನ್ ಓಡಿಸ್ಬೇಡ,” ಎಂದಳು.

ಮೀಸೆ ನಕ್ಕ. “ದಾಖಲೆ ಹೋಗ್ಬಿಡುತ್ತೆ ಅಂತ ಭಯಾನಾ ಅಕ್ಕಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ, “ಹೊಸದು ಮಾಡೋಕೆ ಟೈಮಿಲ್ಲ. ನನ್ನ ಕಾರಿನ ಎಂಜಿನ್ ಹಾಕ್ಕೊ, ಅಳತೆ ಒಂದೇ,” ಎಂದಳು. ಮೀಸೆಯ ನಗು ಅಲ್ಲಿಗೇ ನಿಂತಿತು.

ಅಕ್ಕನಿಗೆ ಅರವತ್ತು. ತನ್ನ ದಾಖಲೆಯನ್ನು ಈ ಓಟದಲ್ಲಿ ತಾನೇ ಮುರಿದು, ಆಮೇಲೆ ಓಟ ಬಿಡುತ್ತೇನೆಂದು ಎರಡು ವರ್ಷ ಕೂತು ಆ ಎಂಜಿನ್ ಕಟ್ಟಿದ್ದಳು.

“ಮತ್ತೆ ನೀನು?” ಎಂದೆ.

“ಸರಪಳಿ ಹಿಡ್ಕೊಳೋ, ಎಂಜಿನ್ ಇಳಿಸ್ಬೇಕು.”

ಮರುದಿನ ಮೀಸೆಯ ಕಾರು ಅಕ್ಕನ ಎಂಜಿನ್ನಿನ ಸದ್ದಿನಲ್ಲಿ ಹೊರಟು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಗೆರೆ ದಾಟಿತು. ಬೋರ್ಡಿನಲ್ಲಿ ಅಂಕಿ ಬಿತ್ತು. ಅಕ್ಕನ ದಾಖಲೆ ಹೋಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

“ನನ್ನಿಂದ್ಲೇ ಹೋಯ್ತು ಅಕ್ಕಾ.”

ಅವಳು ಬೋರ್ಡಿನ ಕಡೆಗೆ ತಲೆ ಎತ್ತಿಯೇ ಇರಲಿಲ್ಲ. ನಿಂತ ಕಾರಿನ ಬಾಗಿಲನ್ನೇ ನೋಡುತ್ತಿದ್ದಳು.

“ಅಲ್ಲೇನೋ ನೋಡ್ತೀಯಾ? ಇಲ್ನೋಡು. ತಾನಾಗೇ ಇಳಿದು ನಡ್ಕೊಂಡು ಬರ್ತಿದಾನೆ.”