ರಕ್ತ ತೊಳೆಸುವ ದಿನ

ಲಾಲಪ್ಪ ಯಾದಗಿರಿ ಕಡೆಯಿಂದ ಪುಣೆಗೆ ಬಂದು ಸೆಂಟ್ರಿಂಗ್ ಕೆಲಸಕ್ಕೆ ಸೇರಿದಾಗ ಮಗಳು ಭಾಗ್ಯಾ ಇನ್ನೂ ತೊಟ್ಟಿಲಲ್ಲಿದ್ದಳು. ಪುಣೆಯ ವಾಕಡ ಭಾಗದಲ್ಲಿ ಈಗ ಮಂದಿ ತುಂಬಿರುವ ಎಷ್ಟೋ ಕಟ್ಟಡಗಳ ಸ್ಲ್ಯಾಬಿಗೆ ಹಲಗೆ ಬಡಿದವನು ಅವನೇ. ಅಂಥದೊಂದು ಕಟ್ಟಡದ ಮನೆಗಳಲ್ಲಿ ಅವನ ಹೆಂಡತಿ ಹುಲಿಗೆವ್ವ ಅಡಿಗೆ ಮಾಡುತ್ತಿದ್ದಳು. ಭಾಗ್ಯಾ ಎರಡು ಬಸ್ಸು ಬದಲಿಸಿ ಧನಕವಡಿಯ ಕಾಲೇಜಿಗೆ ಹೋಗಿ ಡಿಪ್ಲೊಮಾ ಓದುತ್ತಿದ್ದಳು.

ಹೋದ ವರ್ಷ ಲಾಲಪ್ಪನ ಕಾಲು ಬಾತವು. ದಿನವಿಡೀ ನಿಂತು ಮಾಡುವ ಕೆಲಸ, ಅದಕ್ಕೇ ಇರಬೇಕೆಂದು ಸುಮ್ಮನಿದ್ದ. ಉಸಿರು ಸಿಕ್ಕಿಕೊಳ್ಳತೊಡಗಿದ ಮೇಲೆ ಆಸ್ಪತ್ರೆಗೆ ಹೋದರೆ, ಎರಡೂ ಕಿಡ್ನಿ ಹೋಗಿವೆ, ವಾರಕ್ಕೆರಡು ಸಲ ಡಯಾಲಿಸಿಸ್ ಆಗಲೇಬೇಕು ಅಂದರು. ಪುಕ್ಕಟೆ ಮಾಡುವಲ್ಲಿ ಹೆಸರು ಬರೆಸಿದರು. ಅಲ್ಲಿ ಸರದಿ ಉದ್ದವಿತ್ತು, ಇವರ ರೇಷನ್ ಕಾರ್ಡು ನೋಡಿದರೆ ಊರಿನದು, ಪುಣೆಯಲ್ಲಿ ನಡೆಯುವುದಿಲ್ಲ. ಸರದಿ ಬರುವತನಕ ರಕ್ತ ಕಾಯುವುದಿಲ್ಲವಲ್ಲ. ಒಂದು ಸಣ್ಣ ಖಾಸಗಿ ಸೆಂಟರಿಗೆ ಹೋಗತೊಡಗಿದರು. ಹುಲಿಗೆವ್ವನ ಕೊರಳಿನ ಬೋರಮಾಳ ಹೋಯಿತು. ಊರಲ್ಲಿದ್ದ ಮನೆ ಜಾಗವೂ ಹೋಯಿತು. ಮಷೀನು ಮಾತ್ರ ಪ್ರತಿ ವಾರ ಹೊಸದಾಗಿ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಹುಲಿಗೆವ್ವ ಹರ್ಷಿತಾ ಎಂಬ ಬೆಂಗಳೂರಿನ ಹುಡುಗಿಯ ಮನೆಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದಾಗ ಸೆಂಟರಿನ ನರ್ಸ್ ಸುರಭಿ ಫೋನು ಮಾಡಿದಳು.

“ಮಾವಶೀ, ಕಾಕಾ ಯಾಕೆ ಬರ್ತಿಲ್ಲ?” ಎಂದು ಮರಾಠಿಯಲ್ಲಿ ಕೇಳಿದಳು. “ಹೋದ ವಾರ ಎರಡೂ ಸಲ ಬರಲಿಲ್ಲ. ಇವತ್ತೂ ಇಲ್ಲ.”

ಮೂರೂ ಸಲ ಸೆಂಟರಿಗೆ ಹೊಂಟೆ ಅಂತ ಹುಲಿಗೆವ್ವನಿಗೆ ಹೇಳಿಯೇ ಗಂಡ ಮನೆ ಬಿಟ್ಟಿದ್ದ. ಕೊಟ್ಟ ದುಡ್ಡನ್ನೂ ಜೇಬಿಗೆ ಹಾಕಿಕೊಂಡಿದ್ದ. ಅವಳ ಮುಖ ನೋಡಿ ಹರ್ಷಿತಾ, “ನೀವು ಹೊರಡಿ ಆಂಟಿ, ನಾನು ಏನಾದ್ರೂ ಆರ್ಡರ್ ಮಾಡ್ಕೋತೀನಿ,” ಅಂದಳು.

ಮನೆಯಲ್ಲಿ ಮಂಚದ ಕೆಳಗೆ ನೋಡಿದರೆ ಅವನ ಸುತ್ತಿಗೆಯ ಚೀಲ ಇರಲಿಲ್ಲ. ಹುಲಿಗೆವ್ವ ನೇರ ಮಜೂರ ಅಡ್ಡಾಕ್ಕೆ ನಡೆದಳು. ದಿನಗೂಲಿಗಳು ಠೇಕೇದಾರರ ದಾರಿ ಕಾಯುತ್ತ ನಿಲ್ಲುವ ಚೌಕ ಅದು. ಲಾಲಪ್ಪ ಅಲ್ಲೇ ಇದ್ದ. ಸೂಜಿ ಚುಚ್ಚಿ ಗಂಟುಗಟ್ಟಿದ ತೋಳು ಕಾಣದ ಹಾಗೆ ತುಂಬುತೋಳಿನ ಅಂಗಿ ಹಾಕಿದ್ದ. ಆದರೆ ಮುಖದ ಬಾವು ಎಲ್ಲಿ ಮುಚ್ಚಿಡುತ್ತಾನೆ? ಒಬ್ಬ ಠೇಕೇದಾರ ಬೈಕು ನಿಲ್ಲಿಸಿ ಅವನನ್ನೊಮ್ಮೆ ನೋಡಿ, ಪಕ್ಕದವನನ್ನು ಹತ್ತಿಸಿಕೊಂಡು ಹೋದ.

“ಇಲ್ಲೇನ್ ಮಾಡ್ಲಿಕತ್ತಿ?” ಹುಲಿಗೆವ್ವ ಕೇಳಿದಳು.

ಅವನು ಬೆಚ್ಚಿದ. “ಕೆಲಸ ಸಿಗ್ತದೇನೋ ಅಂತ ಬಂದೆ.”

“ಡಯಾಲಿಸಿಸ್ ಬಿಟ್ಟು?”

“ಭಾಗ್ಯಾನ ಫೀಸ್ ಕಟ್ಟೂದದ. ಅದೇ ರೊಕ್ಕ ಕೂಡಿಸಿಡ್ಲಿಕತ್ತೀನಿ. ಒಂದೆರಡು ಸಲ ಬಿಟ್ರ ಸಾಯ್ತೀನೇನು?”

“ಸಾಯ್ತಿ. ಡಾಕ್ಟರು ಅದನ್ನೇ ಹೇಳ್ಯಾರಲ್ಲ.”

ಲಾಲಪ್ಪ ನೆಲ ನೋಡುತ್ತ ಅಂದ, “ಹಂಗಾದ್ರ ಒಮ್ಮೆಗೇ ಮುಗೀತದಲ್ಲ, ನಿಮ್ಮ ತ್ರಾಸ.”

ಹುಲಿಗೆವ್ವನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಆದರೆ ಫೀಸಿನ ಚಿಂತೆಯಲ್ಲಿ ಅವಳೂ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದಳು. ಅವನ ಚೀಲ ಹೆಗಲಿಗೆ ಹಾಕಿಕೊಂಡು ರಿಕ್ಷಾ ಕರೆದಳು. ಸೆಂಟರು ಮುಟ್ಟುವಷ್ಟರಲ್ಲಿ ಅವನಿಗೆ ಏದುಸಿರು ಬಂದಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದು ಡಾಕ್ಟರು ಬೈದರು. ಕೂಡಿಸಿಟ್ಟ ದುಡ್ಡೆಲ್ಲ ಅಂದೇ ಅಲ್ಲೇ ಕರಗಿತು.

ಸಂಜೆ ಭಾಗ್ಯಾಗೆ ಎಲ್ಲ ತಿಳಿಯಿತು. ಅವಳು ಅಪ್ಪನ ಹಾಸಿಗೆ ಸರಿಮಾಡಿಕೊಟ್ಟು ತನ್ನ ಜಾಗದಲ್ಲಿ ಮಲಗಿದಳು. ಮುಂದಿನ ವಾರ ಕಾಲೇಜಿಗೆಂದು ಹೋದವಳು ಬರುವಾಗ ನೀಲಿ ಅಂಗಿಯೊಂದನ್ನು ತಂದಳು. ಗಾಡಿಯ ಬಿಡಿಭಾಗ ಪ್ಯಾಕ್ ಮಾಡುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿಬಿಟ್ಟಿದ್ದಳು.

“ಆ ಅಂಗಿ ವಾಪಸ್ ಕೊಟ್ಟು ಬಾ,” ಲಾಲಪ್ಪ ಚೀರಿದ. “ನೀ ಕಾಲೇಜ್ ಬಿಟ್ರ ನಾ ಮಷೀನಿನ ಮುಂದ ಕೂಡಂಗಿಲ್ಲ.”

“ನೀ ಕೂಡ್ಲಿಲ್ಲಂದ್ರ ನಾ ಉಣ್ಣಂಗಿಲ್ಲ, ಅಪ್ಪ.”

ಇಬ್ಬರೂ ಹುಲಿಗೆವ್ವನ ಕಡೆ ನೋಡಿದರು. ಮಗಳಿಗೆ ಓದು ಅಂದರೆ ಗಂಡನಿಗೆ ಸಾಯಿ ಅಂದಂತೆ. ಗಂಡನಿಗೆ ಬದುಕು ಅಂದರೆ ಮಗಳಿಗೆ ಓದು ಬಿಡು ಅಂದಂತೆ. ಅವಳು ಎದ್ದು ಒಲೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಆ ರಾತ್ರಿ ಯಾರೂ ಉಣ್ಣಲಿಲ್ಲ. ಬೆಳಿಗ್ಗೆ ಭಾಗ್ಯಾ ನೀಲಿ ಅಂಗಿ ತೊಟ್ಟು ಹೊರಟಾಗ ಹುಲಿಗೆವ್ವ ಬುತ್ತಿ ಕಟ್ಟಿಕೊಟ್ಟಳು. ತಾನು ಯಾವ ಕಡೆ ವಾಲಿದ್ದೇನೆ ಎಂಬುದು ಅವಳಿಗೆ ಆಗಲೇ ತಿಳಿದದ್ದು.

ಲಾಲಪ್ಪ ಈಗ ಒಂದು ಸಲವೂ ತಪ್ಪಿಸುವುದಿಲ್ಲ. ಸುರಭಿ ಸೂಜಿ ಚುಚ್ಚುವಾಗ ಗೋಡೆಯ ಕಡೆ ಮುಖ ತಿರುಗಿಸುತ್ತಾನೆ. ಪುಕ್ಕಟೆ ಸರದಿ ಇನ್ನೂ ಬಂದಿಲ್ಲ. “ಬರೋ ವರ್ಷ ಮತ್ತ ಕಾಲೇಜ್ ಸೇರು,” ಎಂದು ಹುಲಿಗೆವ್ವ ಒಮ್ಮೆ ಮಗಳಿಗೆ ಹೇಳಿದಳು. ಭಾಗ್ಯಾ ಬೆರಳಿಗೆ ಅಂಟಿದ ಪ್ಯಾಕಿಂಗ್ ಟೇಪು ಕೀಳುತ್ತ “ಹೂಂ” ಅಂದಳು.