ಬಿದ್ದವಳನ್ನು ಎತ್ತಬಾರದಂತೆ

ಲಾಸ್ ಏಂಜಲೀಸಿನ ಬಂದರು ಕಡೆಯ ಆ ಕ್ಲಬ್ಬಿನಲ್ಲಿ ಅಂದು ಮಟಮಟ ಮಧ್ಯಾಹ್ನವೇ ದೀಪಗಳು ಉರಿಯುತ್ತಿದ್ದವು. ಮನೆ ಬಿಟ್ಟು ಓಡಿಬಂದು, ಪಂಕ್ ಎಂಬ ಅಬ್ಬರದ ಸಂಗೀತಕ್ಕೆ ಕುಣಿಯುವ ಬೋಳುತಲೆ ಹುಡುಗರ ಸಿನಿಮಾದ ಶೂಟಿಂಗ್. ತಲೆ ಬೋಳಿಸಿಕೊಳ್ಳಲು ನಟರು ಒಲ್ಲೆವೆಂದದ್ದಕ್ಕೆ ನಿರ್ದೇಶಕ ಗ್ರೀವ್ಸ್ ನಿಜವಾಗಿ ಓಡಿಬಂದವರನ್ನೇ ಹಿಡಿದು ತಂದಿದ್ದ. ಮುಂದೆ ಆ ಸಿನಿಮಾ ಒಂದೇ ವಾರ ಓಡಿತು, ನೋಡಿದವರು ಬೆರಳೆಣಿಕೆಯಷ್ಟು. ನೋಡದವರಿಗೇ ನಷ್ಟ.

ಅಂಥವರು ಸೇರಿಕೊಂಡಿದ್ದ ಹೆದ್ದಾರಿ ಪಕ್ಕದ ಪಾಳುಮನೆಯಿಂದ ಆರು ಮಂದಿ ಬಂದಿದ್ದರು. ಅವರಲ್ಲಿ ಲೊರೇನ್ ಹೊಸಬಳು, ಸೇರಿ ಮೂರೇ ವಾರ. ಮನೆಯ ಯಜಮಾನಿ ಡಾಟ್‌ಗೆ ವಯಸ್ಸು ಹತ್ತೊಂಬತ್ತು, ಮಾತು ಮಾತ್ರ ಅರವತ್ತರದ್ದು. ಬೆಳಿಗ್ಗೆಯೇ ಲೊರೇನ್‌ಗೆ ಖಡಾಖಂಡಿತವಾಗಿ ಹೇಳಿದ್ದಳು:

"ನಿಮ್ಮಪ್ಪ ನಿನ್ನ ಹುಡುಕ್ಕೊಂಡು ಎರಡು ಸಲ ಪೊಲೀಸರನ್ನ ಕರ್ಕೊಂಡು ಬಂದಿದಾನೆ. ಇನ್ನೊಂದು ಸಲ ಬಂದ್ರೆ ಎಲ್ರೂ ಬೀದಿಪಾಲು. ಶೂಟಿಂಗ್ ಮುಗಿದ್ಮೇಲೆ ನಿನ್ನ ದಾರಿ ನೀನು ನೋಡ್ಕೊ ಕಣೇ."

ಲೊರೇನ್ ಹೂಂ ಎಂದಿದ್ದಳು. ಅಪ್ಪನ ಬೆಲ್ಟಿನ ಏಟು ನೆನೆದರೆ ಈಗಲೂ ಬೆನ್ನು ಚುರ್ರೆನ್ನುತ್ತಿತ್ತು. ಹೋಗಲು ಅವಳಿಗೆ ಬೇರೆ ಜಾಗವೇ ಇರಲಿಲ್ಲ.

"ಎಲ್ರೂ ಕುಣೀತಾ ನುಗ್ಗಾಡುವಾಗ ನೀನು ಬೀಳ್ತೀಯ," ಎಂದು ಗ್ರೀವ್ಸ್ ಅವಳಿಗೆ ವಿವರಿಸಿದ. "ಯಾರೂ ಎತ್ತಲ್ಲ. ಸುತ್ತ ಬರೀ ಬೂಟುಗಳು. ಅದೇ ಸಿನಿಮಾದ ಕೊನೆ."

ಡ್ರಮ್ ಮೊಳಗಿತು. ಲೊರೇನ್ ಬಿದ್ದಳು. ಮೊಣಕೈ ನೆಲಕ್ಕೆ ತಾಗುವಷ್ಟರಲ್ಲಿ ನಾಲ್ಕು ಕೈಗಳು ಅವಳನ್ನು ಎತ್ತಿ ನಿಲ್ಲಿಸಿದ್ದವು.

"ಕಟ್! ಯಾಕ್ರೋ ಎತ್ತಿದ್ರಿ?"

"ಬಿದ್ಲಲ್ಲ ಸಾರ್," ಎಂದ ಡ್ವೇನ್, ಪಾಳುಮನೆಯ ಕಿರಿಯ.

"ಬೀಳ್ಲೇಬೇಕಿತ್ತು ಕಣೋ!"

"ಬಿದ್ರೆ ಎತ್ಬೇಕಲ್ಲ."

ಯಾವ ನಿಯಮಕ್ಕೂ ಸೊಪ್ಪು ಹಾಕದ ಆ ಮಂದಿಗೆ ಇದ್ದದ್ದು ಅದೊಂದೇ ನಿಯಮ, ನುಗ್ಗಾಟದಲ್ಲಿ ಬಿದ್ದವರನ್ನು ತಕ್ಷಣ ಎತ್ತಬೇಕು. ಎರಡನೇ ಸಲವೂ ಎತ್ತಿದರು, ಮೂರನೇ ಸಲವೂ. ಕೈ ಜೇಬಿನಲ್ಲಿ ಇಟ್ಟುಕೊಳ್ಳಿ ಎಂದರೆ ಡ್ವೇನ್ ಜೇಬನ್ನೇ ಹರಿದುಕೊಂಡು ಎತ್ತಿದ. ಗ್ರೀವ್ಸ್ ಕೆಂಡಾಮಂಡಲನಾದ.

"ಇನ್ನು ಯಾರು ಎತ್ತಿದ್ರೂ ಅವ್ರು ಸಿನಿಮಾದಿಂದ ಆಚೆ!"

ಲೊರೇನ್ ಮತ್ತೆ ಬಿದ್ದಳು. ಈ ಸಲ ಯಾರ ಕೈಯೂ ಬರಲಿಲ್ಲ. ನೆಲದ ಮೇಲಿನಿಂದ ಲೊರೇನ್‌ಗೆ ಕಂಡದ್ದು ಬೂಟುಗಳು ಮಾತ್ರ. ಇಷ್ಟೇ ಹಣೆಬರಹ ಎನಿಸಿ ಅವಳಿಗೆ ನಿಜವಾದ ಅಳುವೇ ಬಂತು.

ಅಷ್ಟರಲ್ಲಿ ಯಾರೋ ಕಂಕುಳಿಗೆ ಕೈಹಾಕಿ ಎಳೆದರು. ನೋಡಿದರೆ ಡಾಟ್.

"ಏಳೇ. ನಂಗೆ ನೋಡಕ್ಕಾಗಲ್ಲ."

"ನೀನು ಆಚೆ!" ಗ್ರೀವ್ಸ್ ಕಿರುಚಿದ.

"ಆಯ್ತಪ್ಪ," ಎಂದು ಡಾಟ್ ಲೊರೇನ್‌ಳ ಕೈಹಿಡಿದು ಬಾಗಿಲ ಕಡೆ ನಡೆದಳು. ಹಿಂದೆಯೇ ಪಾಳುಮನೆಯ ನಾಲ್ವರು, ಅವರ ಹಿಂದೆ ಕುಣಿಯಲು ಬಂದಿದ್ದ ನಲವತ್ತು ಜನ, ಕೊನೆಗೆ ಕೋಲುಗಳ ಸಮೇತ ಡ್ರಮ್ಮಿನವನೂ ಹೊರಟ.

ಖಾಲಿ ಕ್ಲಬ್ಬಿನಿಂದ ಗ್ರೀವ್ಸ್ ಏದುಸಿರು ಬಿಡುತ್ತ ಬೀದಿಗೆ ಓಡಿಬಂದ. "ಸರಿ ಮಾರಾಯ್ತಿ, ಎತ್ತಿ! ಎತ್ತೋದೇ ಕೊನೆ ಸೀನ್. ವಾಪಸ್ ಬನ್ನಿ!"

"ನನ್ನನ್ನೇನು ಕೇಳ್ತೀಯ?" ಎಂದಳು ಡಾಟ್. "ಬೀಳೋಳು ನಮ್ಮನೆ ಹುಡುಗಿ. ಅವಳನ್ನ ಕೇಳು."

ಲೊರೇನ್ ಡಾಟ್‌ಳ ಮುಖವನ್ನೇ ನೋಡಿದಳು. "ನಮ್ಮಪ್ಪ ಬಂದ್ರೆ?"

"ಬರ್ಲಿ ಬಿಡೇ. ಆರು ಜನ ಇದೀವಿ."

ಲೊರೇನ್ ಕಣ್ಣೊರೆಸಿಕೊಂಡು ಗ್ರೀವ್ಸ್ ಕಡೆ ತಿರುಗಿದಳು.

"ನಡೀರಿ ಸಾರ್," ಎಂದಳು. "ಈ ಸಲ ಜೋರಾಗಿ ಬೀಳ್ತೀನಿ."